ಸ್ನಾಯು ಹರಿದಾಗ ಅಲ್ಟ್ರಾಸೌಂಡ್ ಚಿಕಿತ್ಸೆ ಉರಿಯೂತವನ್ನು ಇಳಿಸುತ್ತದೆಯೇ?

ಫುಟ್‌ಬಾಲ್ ಆಡುವಾಗ ತೊಡೆಯ ಹಿಂಭಾಗದ ಸ್ನಾಯು ಹರಿದು ಹತ್ತು ದಿನಗಳಾದವು, ಉರಿಯೂತ ಇಳಿಯಲೆಂದು ಆರು ಸಲ ಅಲ್ಟ್ರಾಸೌಂಡ್ ಕೊಡಿಸಿಕೊಂಡಿದ್ದೇನೆ, ಇನ್ನೂ ಆರು ಸಿಟ್ಟಿಂಗ್ ಬೇಕೆನ್ನುತ್ತಾರೆ, ಮುಂದುವರಿಸಬೇಕೇ ಎಂದು ಕೇಳಿದ್ದೀರಿ. ಫಿಸಿಯೋಥೆರಪಿಸ್ಟ್ ಆಗಿ ಈ ಯಂತ್ರವನ್ನು ಹಲವು ವರ್ಷ ದಿನವೂ ಬಳಸಿದ ನನ್ನ ಅಭಿಪ್ರಾಯವೆಂದರೆ, ಅದೊಂದಕ್ಕಾಗಿಯೇ ನೀವು ಹೋಗುತ್ತಿದ್ದರೆ ಮುಂದುವರಿಸುವ ಅಗತ್ಯವಿಲ್ಲ.

ಉರಿಯೂತವನ್ನು ನಾವು ರೋಗವೆಂದು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ; ನಿಜಕ್ಕೂ ಅದು ದುರಸ್ತಿಯ ಮೊದಲ ಹಂತ. ಸ್ನಾಯು ಹರಿದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ. ಅವುಗಳ ಹಿಂದೆಯೇ ಬರುವ ಮ್ಯಾಕ್ರೊಫೇಜ್ ಕೋಶಗಳು ಸತ್ತ ಸ್ನಾಯು ಎಳೆಗಳ ಅವಶೇಷವನ್ನು ನುಂಗಿ ಜಾಗವನ್ನು ತೆರವು ಮಾಡುತ್ತವೆ, ಬಳಿಕ ತಮ್ಮ ಗುಣವನ್ನೇ ಬದಲಿಸಿಕೊಂಡು, ಎಳೆಗಳ ಅಂಚಿನಲ್ಲಿ ಸುಪ್ತವಾಗಿರುವ ಸ್ಯಾಟಲೈಟ್ ಕೋಶಗಳ ಬೆಳವಣಿಗೆಗೆ ನೆರವಾಗುತ್ತವೆ. ಹೊಸ ಎಳೆಗಳು ಹುಟ್ಟುವುದು ಆ ಕೋಶಗಳಿಂದ. ಪ್ರಯೋಗಾಲಯದ ಇಲಿಗಳಲ್ಲಿ ಮ್ಯಾಕ್ರೊಫೇಜ್‌ಗಳು ಬಾರದಂತೆ ತಡೆದಾಗ ಸ್ನಾಯುವಿನ ದುರಸ್ತಿಯೇ ಕುಂಠಿತವಾಯಿತು.

ನಮಗೆ ಕಾಲೇಜಿನಲ್ಲಿ ಕಲಿಸಿದ್ದೂ ಅಲ್ಟ್ರಾಸೌಂಡ್ ಉರಿಯೂತವನ್ನು ಅಡಗಿಸುತ್ತದೆ ಎಂದಲ್ಲ. 1 ಅಥವಾ 3 ಮೆಗಾಹರ್ಟ್ಸ್ ಆವರ್ತನದ ಶಬ್ದತರಂಗವನ್ನು, ಕಾವೇರದಂತೆ ಬಿಟ್ಟು ಬಿಟ್ಟು ಹಾಯಿಸಿದಾಗ ಅಂಗಾಂಶದಲ್ಲಿರುವ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳು ಉರಿಯೂತವನ್ನು ಆರಂಭಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ, ಆದ್ದರಿಂದ ಉರಿಯೂತದ ಹಂತ ಬೇಗ ಶುರುವಾಗಿ ಬೇಗ ಮುಗಿಯುತ್ತದೆ ಎಂಬುದು ಆ ವಾದ. ಕೋಶಗಳ ಮಟ್ಟದಲ್ಲಿ ಇದಕ್ಕೆ ಆಧಾರವಿದೆ, ಆದರೆ ಗಾಯ ಮಾಯುವುದರಲ್ಲಿ ಅದು ಕಾಣಿಸಬೇಕಲ್ಲವೇ? 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ಪಡೆದ ಇಲಿಗಳ ಸ್ನಾಯುವಿನಲ್ಲಿ ಸ್ಯಾಟಲೈಟ್ ಕೋಶಗಳು ಹೆಚ್ಚಿದವು, ಆದರೂ ಒಟ್ಟಾರೆ ದುರಸ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮನುಷ್ಯರ ಮೇಲಿನ 35 ಪ್ರಯೋಗಗಳನ್ನು 2001ರಲ್ಲಿ ರಾಬರ್ಟ್‌ಸನ್ ಮತ್ತು ಬೇಕರ್ ಎಂಬ ಸಂಶೋಧಕರು ಪರಿಶೀಲಿಸಿ, ವಿಧಾನ ಸಮರ್ಪಕವಾಗಿದ್ದವು ಹತ್ತೇ ಎಂದರು. ಆ ಹತ್ತರಲ್ಲಿ ಎಂಟರಲ್ಲಿ, ನಿಜವಾದ ಅಲ್ಟ್ರಾಸೌಂಡ್ ಹುಸಿ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ. ಇದನ್ನು ಓದಿದ ಮೇಲೆ, ಜೆಲ್ ಹಚ್ಚಿ ಐದು ನಿಮಿಷ ಯಂತ್ರದ ತಲೆಯನ್ನು ಚರ್ಮದ ಮೇಲೆ ಆಡಿಸುವ ಆ ಹೊತ್ತನ್ನು ರೋಗಿಯ ವ್ಯಾಯಾಮಕ್ಕೆ ಕೊಡಬೇಕಿತ್ತೆಂದು ನನಗೆ ಬಲವಾಗಿ ಅನಿಸಿದೆ.

ನಿಮ್ಮ ಗಾಯಕ್ಕೆ ವ್ಯಾಯಾಮದ ಪರವಾದ ಪುರಾವೆ ಎಷ್ಟೋ ಗಟ್ಟಿಯಾಗಿದೆ. ಸ್ವೀಡನ್ನಿನ ಆಸ್ಕ್ಲಿಂಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇದೇ ಸ್ನಾಯುವಿಗೆ ಪೆಟ್ಟಾದ 75 ಫುಟ್‌ಬಾಲ್ ಆಟಗಾರರ ಪೈಕಿ, ಸ್ನಾಯುವನ್ನು ಉದ್ದಕ್ಕೆ ಹಿಗ್ಗಿಸುತ್ತಲೇ ಭಾರ ಹೊರಿಸುವ ವ್ಯಾಯಾಮ ಮಾಡಿದವರು ಸರಾಸರಿ 28 ದಿನಗಳಲ್ಲಿ ಆಟಕ್ಕೆ ಮರಳಿದರೆ, ರೂಢಿಯ ವ್ಯಾಯಾಮ ಮಾಡಿದವರಿಗೆ 51 ದಿನ ಬೇಕಾಯಿತು. ಅವರು ವ್ಯಾಯಾಮವನ್ನು ಆರಂಭಿಸಿದ್ದು ಗಾಯವಾದ ಐದನೆಯ ದಿನದಿಂದ; ನೀವೀಗ ಹತ್ತನೆಯ ದಿನದಲ್ಲಿದ್ದೀರಿ. ಆದ್ದರಿಂದ ಮುಂದಿನ ಭೇಟಿಯಲ್ಲಿ ಇಂಥ ವ್ಯಾಯಾಮವನ್ನು ನೋವು ಬರದ ಮಿತಿಯೊಳಗೆ ಹಂತಹಂತವಾಗಿ ಕಲಿಸಿಕೊಡಲು ಕೇಳಿ. ಆದರೆ ಪೆಟ್ಟಾದಾಗ ಟಪ್ ಎಂಬ ಸದ್ದು ಕೇಳಿಸಿದ್ದರೆ, ಪೃಷ್ಠದ ಬುಡದಲ್ಲಿ ತಗ್ಗು ಕೈಗೆ ಸಿಗುತ್ತಿದ್ದರೆ ಅಥವಾ ತೊಡೆಯುದ್ದಕ್ಕೂ ಕಡುನೀಲಿ ಹರಡಿದ್ದರೆ, ಯಾವ ವ್ಯಾಯಾಮಕ್ಕೂ ಮೊದಲು ಮೂಳೆತಜ್ಞರನ್ನು ಕಂಡು, ಸ್ನಾಯುರಜ್ಜು ಮೂಳೆಯಿಂದ ಕಿತ್ತುಬಂದಿಲ್ಲವೆಂದು ಖಚಿತಪಡಿಸಿಕೊಳ್ಳಿ.