ಮಳೆ ಹೋದ ಮೇಲೆ ಪೊಟ್ಯಾಷ್ ಹಾಕಿದರೆ ಮೆಕ್ಕೆಜೋಳ ಉಳಿಯುತ್ತದಾ?

ನೀವು ಕೇಳಿರುವುದು ಇಷ್ಟು: ಜಗಳೂರು ಕಡೆ ಕೆಂಪು ಮಣ್ಣಿನಲ್ಲಿ ಮೆಕ್ಕೆಜೋಳ ಹಾಕಿದ್ದೀರಿ. ಹದಿನೈದು ದಿನದಿಂದ ಹನಿ ಮಳೆ ಇಲ್ಲ. ಪೊಟ್ಯಾಷ್ ಎರಚಿದರೆ ಬೆಳೆ ಬರ ತಡೆಯುತ್ತದೆ ಅಂತ ಯಾರೋ ಹೇಳಿದ್ದಾರೆ. ಇದು ನಿಜವಾ?

ಪೊಟ್ಯಾಷ್ ಬರಕ್ಕೆ ಆಸರೆ ಅನ್ನುವುದು ನಿಜ. ಆದರೆ ಒಣಗಿ ನಿಂತ ನೆಲಕ್ಕೆ ಈಗ ಎರಚಿದರೆ ದುಡ್ಡು ದಂಡ. ಬಿತ್ತುವಾಗಲೇ ಕೊಟ್ಟಿದ್ದರೆ, ಈ ಹೊತ್ತಿಗೆ ಅದು ಗಿಡದ ಒಳಗಿರುತ್ತಿತ್ತು.

ಯಾಕೆ ಅಂತ ಹೇಳುತ್ತೇನೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಪತ್ರರಂಧ್ರ ಅಂತ ಶಾಲೆಯಲ್ಲಿ ಓದಿರುತ್ತೀರಿ. ಒಂದೊಂದು ಬಾಯಿಗೂ ತುಟಿಗಳ ಹಾಗೆ ಎರಡು ಕೋಶಗಳು. ಪೊಟ್ಯಾಷ್ ಗೊಬ್ಬರದಲ್ಲಿರುವ ಪೊಟ್ಯಾಸಿಯಂ ಆ ಕೋಶಗಳ ಒಳಗೆ ಬಂದರೆ ನೀರೂ ಹಿಂದೆಯೇ ಬರುತ್ತದೆ, ತುಟಿ ಊದಿಕೊಳ್ಳುತ್ತದೆ, ಬಾಯಿ ತೆರೆಯುತ್ತದೆ. ನೀರು ಕಡಿಮೆಯಾದಾಗ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ತುಟಿ ಸಡಿಲವಾಗಿ ಬಾಯಿ ಮುಚ್ಚುತ್ತದೆ. ಪೊಟ್ಯಾಷ್ ಸಾಲದ ಗಿಡದಲ್ಲಿ ಈ ಕೆಲಸ ನಿಧಾನ. ಬಿಸಿಗಾಳಿ ಬೀಸುವಾಗಲೂ ಬಾಗಿಲು ಅರ್ಧ ತೆಗೆದೇ ಇರುತ್ತದೆ, ಇದ್ದಬದ್ದ ನೀರೂ ಆರಿಹೋಗುತ್ತದೆ.

ಇನ್ನೊಂದು ಕೆಲಸವೂ ಇದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಡುತ್ತದೆ ಅಲ್ವಾ? ಉಪ್ಪು ಇರುವ ಕಡೆಗೆ ನೀರು ಎಳೆದುಕೊಂಡು ಹೋಗುತ್ತದೆ. ಗಿಡದ ಕೋಶದಲ್ಲಿ ಪೊಟ್ಯಾಸಿಯಂ ಇದೇ ರೀತಿ ನೀರನ್ನು ಒಳಗೆ ಎಳೆದು ಹಿಡಿದಿಡುತ್ತದೆ.

ಹಾಗಾದರೆ ಈಗ ಎರಚಿದರೆ ಯಾಕೆ ಆಗುವುದಿಲ್ಲ? ಪೊಟ್ಯಾಷ್ ಬೇರಿನ ತನಕ ಬರುವುದು ಮಣ್ಣಿನ ಕಣಗಳ ಸುತ್ತ ಅಂಟಿರುವ ತೆಳು ನೀರಿನ ಪೊರೆಯಲ್ಲಿ. ಪೊರೆ ಆರಿದರೆ ದಾರಿಯೇ ಕಡಿದಂತೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಪೊಟ್ಯಾಷ್ ಸಾಕಷ್ಟಿದೆ ಅಂತ ಬರೆದಿದ್ದರೂ ಒಣಗಿದ ನೆಲದಲ್ಲಿ ಗಿಡಕ್ಕೆ ಅದು ಎಟುಕುವುದಿಲ್ಲ.

ನೆಲಕ್ಕೆ ಆಗದಿದ್ದರೆ ಎಲೆಗೆ ಕೊಡಬಹುದು. ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಚೀಲದ ಮೇಲೆ 13-0-45 ಅಂತ ಬರೆದಿರುವ ಗೊಬ್ಬರ, ಒಂದು ಲೀಟರ್ ನೀರಿಗೆ 10 ಗ್ರಾಂ. 16 ಲೀಟರ್ ಕ್ಯಾನಿಗೆ 160 ಗ್ರಾಂ ಆಯಿತು. ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಈ ಮಾತನ್ನು ಕೈ ಸುಟ್ಟುಕೊಂಡು ಕಲಿತವನು ನಾನು. ಒಂದು ವರ್ಷ ಅವಸರದಲ್ಲಿ ಲೀಟರಿಗೆ 30 ಗ್ರಾಂ ಕಲಸಿ, ಮಟಮಟ ಮಧ್ಯಾಹ್ನ ಹೊಡೆದೆ. ಮೂರನೇ ದಿನಕ್ಕೆ ಎಲೆಯ ತುದಿಗಳೆಲ್ಲ ಸುಟ್ಟ ಹಪ್ಪಳ. ಬರ ಮಾಡದ್ದನ್ನು ನಾನೇ ಮಾಡಿದ್ದೆ.

ಸಿಂಪಡಿಸುವ ಮೊದಲು ಇನ್ನೊಂದು ನೋಡಿ. ಮಧ್ಯಾಹ್ನ ಸುರುಳಿ ಸುತ್ತಿದ ಎಲೆ ಬೆಳಗಿನ ಹೊತ್ತಿಗೆ ಬಿಚ್ಚಿಕೊಂಡಿದೆಯಾ? ಬಿಚ್ಚಿದ್ದರೆ ಸಿಂಪಡಣೆಗೆ ಅರ್ಥವಿದೆ. ಬೆಳಿಗ್ಗೆ ಆರು ಗಂಟೆಗೂ ಸುತ್ತಿಕೊಂಡೇ ಇದ್ದರೆ ಆ ದುಡ್ಡಿನಲ್ಲಿ ಒಂದು ಟ್ಯಾಂಕರ್ ನೀರಿಗೆ ದಾರಿ ನೋಡಿ. ಗೊಬ್ಬರ ನೀರಾಗುವುದಿಲ್ಲ.

ಪೊಟ್ಯಾಷ್ ಒಂದೇ ಅಲ್ಲ, ಸತುವಿನ (ಜಿಂಕ್) ಕಡೆಗೂ ಗಮನ ಇರಲಿ. ಬರ ಬಂದಾಗ ಬಿಸಿಲೂ ಜಾಸ್ತಿ ಇರುತ್ತದೆ. ಎಲೆ ಬಿಸಿಲನ್ನು ಹಿಡಿಯುತ್ತಲೇ ಇರುತ್ತದೆ, ಆದರೆ ಬಾಯಿ ಮುಚ್ಚಿ ಗಾಳಿ ಒಳಗೆ ಬಾರದ್ದರಿಂದ ಆ ಶಕ್ತಿಯನ್ನೆಲ್ಲ ಬಳಸಲು ಆಗುವುದಿಲ್ಲ. ಉಳಿದ ಶಕ್ತಿ ಆಮ್ಲಜನಕದ ಮೇಲೆ ಬಿದ್ದು, ಎಲೆಯನ್ನೇ ಸುಡುವ ವಿಷವಾಗುತ್ತದೆ. ಅದನ್ನು ಆರಿಸುವ ಕಿಣ್ವಗಳಲ್ಲಿ ಒಂದಕ್ಕೆ ಸತು ಬೇಕೇ ಬೇಕು. 1989ರಲ್ಲಿ ಮಾರ್ಷ್ನರ್ ಮತ್ತು ಚಾಕ್ಮಾಕ್ ಅನ್ನುವ ವಿಜ್ಞಾನಿಗಳು ಇದನ್ನು ಸರಳವಾಗಿ ತೋರಿಸಿದರು. ಸತು, ಪೊಟ್ಯಾಷ್ ಅಥವಾ ಮೆಗ್ನೀಸಿಯಂ ಕೊರತೆ ಇದ್ದ ಹುರುಳಿಕಾಯಿ ಗಿಡಗಳ ಎಲೆಯಲ್ಲಿ ಒಂದು ಭಾಗಕ್ಕೆ ಮಾತ್ರ ನೆರಳು ಮಾಡಿದರು. ಬಿಸಿಲಿಗೆ ಬಿದ್ದ ಭಾಗ ಹಳದಿಯಾಗಿ ಸುಟ್ಟಿತು, ನೆರಳಿನ ಭಾಗ ಹಸಿರಾಗಿಯೇ ಉಳಿಯಿತು. ಒಂದೇ ಎಲೆ, ಒಂದೇ ಕೊರತೆ! ಬಿಸಿಲಿನಿಂದ ಸುಟ್ಟಿದೆ ಅಂತ ನಾವು ಸುಮ್ನೆ ಕೈಬಿಡುವ ಎಷ್ಟೋ ಎಲೆಗಳ ಹಿಂದೆ ಇಂಥ ಹಸಿವು ಇರಬಹುದು ಅಂತ ನನಗೆ ಆಗಾಗ ಅನಿಸುತ್ತದೆ.

ನಮ್ಮ ರಾಜ್ಯದಲ್ಲಿ ಈ ಹಸಿವು ಅಪರೂಪವಲ್ಲ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಮಳೆ ನಂಬಿದ ಹೊಲಗಳ ಮಣ್ಣು ನೋಡಿದಾಗ ಸತು, ಬೋರಾನ್, ಗಂಧಕ ಮೂರೂ ಬಹಳ ಕಡೆ ಕಡಿಮೆ ಇದ್ದವು. ಮುಂದಿನ ಸಲ ಬಿತ್ತುವ ಮೊದಲು ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್ ಮಣ್ಣಿಗೆ ಸೇರಿಸಿ. ಡಿಎಪಿ ಗೊಬ್ಬರದ ಜೊತೆ ಮಾತ್ರ ಕಲಸಬೇಡಿ, ಅದರಲ್ಲಿರುವ ರಂಜಕ ಸತುವನ್ನು ಕಟ್ಟಿಹಾಕಿ ಗಿಡಕ್ಕೆ ಸಿಗದ ಹಾಗೆ ಮಾಡುತ್ತದೆ. ಬೋರಾನ್ ವಿಷಯದಲ್ಲಿ ಪರೀಕ್ಷೆ ಮಾಡಿಸದೆ ಕೈ ಹಾಕಬೇಡಿ. ಅದು ಸಾಲದಿದ್ದರೂ ಕಷ್ಟ, ಸ್ವಲ್ಪ ಹೆಚ್ಚಾದರೂ ವಿಷ.

ಸುಣ್ಣದ ಅಂಶದ (ಕ್ಯಾಲ್ಸಿಯಂ) ಬಾಟಲಿ ಮಾರುವವರೂ ನಿಮ್ಮ ಹತ್ತಿರ ಬರುತ್ತಾರೆ. ನನ್ನ ಟೊಮ್ಯಾಟೊ ಕಾಯಿಗಳ ತಳ ಕಪ್ಪಾದಾಗ ಒಬ್ಬರು ಅಂಥದ್ದೇ ಬಾಟಲಿ ಕೊಟ್ಟರು. ಪ್ರಯೋಜನ ಕಾಣಲಿಲ್ಲ. ಸುಣ್ಣದ ಅಂಶ ಬೇರಿನಿಂದ ನೀರಿನ ಜೊತೆ ಮೇಲೆ ಹೋಗಬೇಕು, ಎಲೆಗೆ ಹೊಡೆದದ್ದು ಕಾಯಿಗೆ ಇಳಿಯುವುದಿಲ್ಲ. ನಾಲ್ಕು ದಿನ ಒಣಗಿಸಿ ಐದನೇ ದಿನ ನೀರು ತುಂಬಿಸುತ್ತಿದ್ದ ನನ್ನ ಅಭ್ಯಾಸವೇ ತಪ್ಪಾಗಿತ್ತು. ದಿನಾ ಸ್ವಲ್ಪ ಸ್ವಲ್ಪ ಡ್ರಿಪ್ ಬಿಟ್ಟ ಮೇಲೆ ಬಂದ ಕಾಯಿಗಳು ಚೆನ್ನಾಗಿದ್ದವು.

ಮಳೆ ಬಂದ ಮಾರನೇ ದಿನ ಇಡೀ ಊರೇ ಯೂರಿಯಾ ಚೀಲ ಹೊತ್ತುಕೊಂಡು ಓಡುತ್ತದೆ. ನೀವು ಯೂರಿಯಾ ಕೊಡಿ, ಬೇಡ ಅನ್ನುವುದಿಲ್ಲ, ಆದರೆ ಒಂದೇ ಸಲಕ್ಕೆ ಸುರಿಯಬೇಡಿ. ಸಾರಜನಕ ಅತಿಯಾದರೆ ಎಲೆ ಸೊಂಪಾಗಿ ಬರುತ್ತದೆ, ಅಷ್ಟೂ ಎಲೆ ನೀರು ಕುಡಿಯುತ್ತದೆ, ಮುಂದಿನ ಒಣಗಾಲಕ್ಕೆ ಮೊದಲು ಬಾಡುವುದು ಅದೇ ಹೊಲ. ಕೊಟ್ಟಿಲ್ಲದ ಪೊಟ್ಯಾಷನ್ನೂ ಆ ಹಸಿಯಲ್ಲೇ ಸೇರಿಸಿ.

ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಕೆಳಗಿನ ಹಳೇ ಎಲೆಗಳ ಅಂಚು ನೋಡಿ. ತುದಿಯಿಂದ ಅಂಚಿನುದ್ದಕ್ಕೂ ಹಳದಿಯಾಗಿ ಕಂದು ತಿರುಗಿದ್ದರೆ ಪೊಟ್ಯಾಷ್ ಕೊರತೆ. ಸುಳಿಯ ಹೊಸ ಎಲೆಯಲ್ಲಿ ನಡುದಿಂಡಿನ ಎರಡೂ ಪಕ್ಕ ಬಿಳಿ ಪಟ್ಟೆ ಇದ್ದರೆ ಸತು. ಯಾವುದು ಕಂಡಿತು ಅಂತ ಇಲ್ಲೇ ಬರೆಯಿರಿ, ಅದಕ್ಕೆ ತಕ್ಕ ಸಿಂಪಡಣೆ ಹೇಳುತ್ತೇನೆ.