ಪೀಟ್ ಸೀಗರ್ ನುಡಿಸುವ ತಗ್ಗು ಸ್ವರ ನಿಮ್ಮ ಬ್ಯಾಂಜೊದಲ್ಲಿ ಯಾಕೆ ಸಿಗುತ್ತಿಲ್ಲ

ನಿಮ್ಮ ಕಿವಿ ಸರಿಯಾಗಿಯೇ ಇದೆ ಸರ್. ತಂತಿಗಳನ್ನು ಜಿ ಶ್ರುತಿಗೆ ಹೊಂದಿಸಿಕೊಂಡು (ಜಿ ಟ್ಯೂನಿಂಗ್) ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವಾಗ, ಅಮೆರಿಕದ ಜಾನಪದ ಗಾಯಕ ಸೀಗರ್ ಅವರ ಕೆಲವು ತಗ್ಗು ಸ್ವರಗಳು ಐದು ತಂತಿಯ ಬ್ಯಾಂಜೊದಲ್ಲಿ ಸಿಗುತ್ತಲೇ ಇಲ್ಲ ಅಂದಿರಲ್ಲ, ಕಾರಣ ಅವರ ವಾದ್ಯ. ಅದರ ಕುತ್ತಿಗೆ ಉದ್ದ, 3 ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಹೆಚ್ಚು. ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಇಲ್ಲದೆ ನುಡಿಸಿದರೆ ಜಿಗಿಂತ ತಗ್ಗಿನ ಇ ಶ್ರುತಿ. 3ನೇ ಫ್ರೆಟ್‌ಗೆ ಕೇಪೊ ಹಾಕಿದರೆ ಮಾಮೂಲಿ ಜಿ.

ನಿಮ್ಮ ತಂತಿಗಳನ್ನೇ 3 ಸ್ವರಸ್ಥಾನ ಇಳಿಸಬಹುದು, ಆದರೆ ಸಡಿಲವಾಗಿ ನಾದ ಕೆಡುತ್ತದೆ. ಅದಕ್ಕಿಂತ ಆಡಾಸಿಟಿ ಎಂಬ ಕಂಪ್ಯೂಟರ್ ಧ್ವನಿ ತಂತ್ರಾಂಶದಲ್ಲಿ ರೆಕಾರ್ಡಿಂಗ್‌ನ ಶ್ರುತಿಯನ್ನು ಅಷ್ಟೇ ಏರಿಸಿ, ವೇಗ ಅರ್ಧ ಮಾಡಿಕೊಂಡು ಬರೆಯಿರಿ.

ಎಡಗೈ ಆಮೇಲೆ ನೋಡಿಕೊಳ್ಳೋಣ, ಮೊದಲು ಬಲಗೈ ಹಿಡಿಯಿರಿ. ಅವರ ಮೂಲ ಹೊಡೆತದಲ್ಲಿ ತೋರುಬೆರಳು ಹಾಡಿನ ಸ್ವರವನ್ನು ಮೇಲಕ್ಕೆ ಮೀಟುತ್ತದೆ, ಇನ್ನೊಂದು ಬೆರಳಿನ ಉಗುರು ತಂತಿಗಳನ್ನು ಕೆಳಮುಖವಾಗಿ ಸವರುತ್ತದೆ, ಕೊನೆಗೆ ಹೆಬ್ಬೆರಳು ಐದನೇ ತಂತಿಗೆ. ಆ ತಂತಿ ತಂಬೂರಿಯಂತೆ ಒಂದೇ ಸ್ವರ ಹಿಡಿದಿರುತ್ತದೆ. ಅದನ್ನೂ ಹಾಡಿನ ಸ್ವರ ಅಂತ ಬರೆದುಕೊಂಡರೆ ಮಟ್ಟೇ ಕಳೆದುಹೋಗುತ್ತದೆ, ದಯವಿಟ್ಟು ಬೇರೆ ಬಣ್ಣದಲ್ಲಿ ಗುರುತು ಮಾಡಿ.

ಅಂದಹಾಗೆ, ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿ ಬರೀ ಬ್ಯಾಂಜೊ ತಂತಿ ಅಂದರೆ ಬುಲ್‌ಬುಲ್ ತರಂಗದ್ದು (ಇಲ್ಲಿ ಬ್ಯಾಂಜೊ ಎಂದೇ ಕರೆಯುವ, ಗುಂಡಿ ಒತ್ತಿ ನುಡಿಸುವ ತಂತಿವಾದ್ಯ) ಕೊಟ್ಟಾರು. ಐದು ತಂತಿ ಬ್ಯಾಂಜೊದ್ದೇ ಬೇಕು ಅಂತ ಬಿಡಿಸಿ ಹೇಳಿ. ತುದಿಯಲ್ಲಿ ಕುಣಿಕೆ ಬೇಕೋ ಗುಂಡು ಬೇಕೋ ಅನ್ನುವುದನ್ನು ನಿಮ್ಮ ಹಳೆಯ ತಂತಿ ನೋಡಿಕೊಂಡು ಹೋಗಿ.