ಬೇವಿನೆಣ್ಣೆ ಹೊಡೆಯೋ ಮುಂಚೆ ತೊಟ್ಟಿ ಕಡೆ ಒಂದ್ಸಲ ನೋಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅಕ್ವಾಪೋನಿಕ್ಸ್ ಮಾಡ್ತಿರೋರದ್ದು, ಅದೂ ಹುಳದ ಕಾಟದ್ದೇ. ಗೊತ್ತಿಲ್ಲದೋರಿಗೆ ಚುಟುಕಾಗಿ ಹೇಳ್ಬಿಡ್ತೀನಿ: ತೊಟ್ಟೀಲಿ ಮೀನು, ಅದರ ಗಲೀಜು ನೀರು ಪಂಪಲ್ಲಿ ಗಿಡದ ಬೆಡ್ಡಿಗೆ ಹೋಗುತ್ತೆ, ಅಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾನ ನೈಟ್ರೇಟ್ ಮಾಡ್ತವೆ, ಗಿಡ ಅದನ್ನ ಹೀರ್ಕೊಂಡು ಬೆಳೆಯುತ್ತೆ, ನೀರು ವಾಪಸ್ ಮೀನಿಗೆ. ಹಂಗಾಗಿ ಎಲೆ ಮೇಲೆ ಹೊಡೆದಿದ್ದು ಇವತ್ತಲ್ಲ ನಾಳೆ ಮೀನಿನ ಕಿವಿರಿಗೆ ಬಂದೇ ಬರುತ್ತೆ.

ಪ್ರಶ್ನೆ: ಸರ್, ಮನೆ ಟೆರೇಸಲ್ಲಿ 1000 ಲೀಟರ್ ಟ್ಯಾಂಕಲ್ಲಿ ಜಿಲೇಬಿ ಮೀನು ಬಿಟ್ಟು ಮೇಲೆ ಪಾಲಕ್, ಟೊಮೆಟೊ, ಮೆಣಸಿನಗಿಡ ಹಾಕಿದೀವಿ. ಎಲೆ ಅಡಿ ಪೂರ್ತಿ ಹಸಿರು ಹೇನು, ಮುಟ್ಟಿದ್ರೆ ಅಂಟಂಟು. ಪಕ್ಕದ ಮನೆಯೋರು ಬೇವಿನೆಣ್ಣೆಗೆ ಎರಡು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ ಹೊಡೀರಿ, ನ್ಯಾಚುರಲ್ ಅಲ್ವಾ, ಏನೂ ಆಗಲ್ಲ ಅಂತಿದಾರೆ. ಹೊಡೀಲಾ?
— ಬೆಂಗಳೂರಿನ ಓದುಗರು

ಉತ್ತರ: ಬೇಡಿ. ನಿಮ್ಮ ಪಕ್ಕದ ಮನೆಯೋರು ಹೇಳಿದ್ದನ್ನೇ ನಾನೂ ಮೊದಲನೇ ವರ್ಷ ಮಾಡಿದ್ದೆ. ಸಂಜೆ ಹೊಡೆದೆ, ರಾತ್ರಿ ಸಣ್ಣ ಮಳೆ ಬಂತು, ಬೆಳಗ್ಗೆ ಎದ್ದು ನೋಡಿದ್ರೆ ನೀರಿನ ಮೇಲೆ ತೆಳ್ಳಗೆ ಬಣ್ಣಬಣ್ಣದ ಪದರ, ಮೀನೆಲ್ಲ ಬಾಯಿ ಮೇಲೆತ್ತಿ ಗಾಳಿ ಕುಡೀತಾ ಇದ್ವು, ಹನ್ನೊಂದು ಮೀನು ಆಗ್ಲೇ ಹೊಟ್ಟೆ ಮೇಲಾಗಿದ್ವು. ಎಣ್ಣೆ ಪದರ ಗಾಳಿ ನೀರಿಗೆ ಸೇರೋದನ್ನ ತಡೆಯುತ್ತೆ, ಸೋಪು ಕಿವಿರಿನ ಲೋಳೆನ ತೊಳೆದು ಹಾಕುತ್ತೆ, ಬೇವಲ್ಲಿರೋ ಅಜಾಡಿರಾಕ್ಟಿನ್ನೂ ಮೀನಿಗೆ ಒಳ್ಳೇದಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೋರು ಮಾಡಿರೋ ಬೇವಿನ ಸೋಪು, ಹೊಂಗೆ ಸೋಪು ಇದ್ಯಲ್ಲ, ಮಣ್ಣಲ್ಲಿರೋ ಗಿಡಕ್ಕೆ ನಾನೇ ಬಳಸ್ತೀನಿ, ಚೆನ್ನಾಗಿದೆ. ಆದ್ರೆ ಮೀನಿನ ತೊಟ್ಟಿ ಮೇಲಿನ ಬೆಡ್ಡಿಗೆ ಅದೂ ಬೇಡ.

ಈ "ನ್ಯಾಚುರಲ್ ಅಲ್ವಾ" ಅನ್ನೋ ಮಾತು ಕೇಳಿದ್ರೆ ನಂಗೆ ಸ್ವಲ್ಪ ಸಿಟ್ಟು ಬರುತ್ತೆ. ಮೀನು ಸಾಕೋರು ಮರಿ ಬಿಡೋ ಮುಂಚೆ ಕೊಳದಲ್ಲಿರೋ ಬೇಡದ ಮೀನು ಸಾಯಿಸೋಕೆ ಏನು ಹಾಕ್ತಾರೆ ಗೊತ್ತಾ? ಹಿಪ್ಪೆ ಹಿಂಡಿ. ಒಂದು ಮೀಟರ್ ಆಳದ ನೀರಿರೋ ಹೆಕ್ಟೇರಿಗೆ 2500 ಕೆಜಿ. ಅದರಲ್ಲಿರೋ ಸಪೋನಿನ್ ಮೀನಿನ ರಕ್ತದ ಕಣಾನೇ ಒಡೆದು ಹಾಕುತ್ತೆ. ಹಿಂದೆ ಹಳ್ಳದಲ್ಲಿ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡೀತಿದ್ರು, ಅದೂ ಕಾಡಿನ ಕಾಯೇ. ಸೇವಂತಿಗೆ ಜಾತಿ ಹೂವಿಂದ ಬರೋ ಪೈರೆಥ್ರಮ್ ಅಂತೂ ಮನುಷ್ಯರಿಗೆ ಅಷ್ಟೇನೂ ಮಾಡಲ್ಲ, ಮೀನಿಗೆ ಚೂರು ಬಿದ್ರೂ ಕಷ್ಟ. ತಂಬಾಕು ಕಷಾಯದ ನಿಕೋಟಿನ್ನೂ ಅಷ್ಟೇ, ಜೊತೆಗೆ ಟೊಮೆಟೊ ಮೆಣಸಿಗೆ ತಂಬಾಕಿಂದ ಮೊಸಾಯಿಕ್ ವೈರಸ್ ಬೇರೆ ಅಂಟಬಹುದು.

ಹಾಗಾದ್ರೆ ಏನು ಮಾಡೋದು ಅಂದ್ರೆ, ನೀರು. ನಿಜ, ಬರೀ ನೀರು. ಕೈಪಂಪಿನ ಸ್ಪ್ರೇಯರ್ ತಗೊಂಡು ನಾಝಲ್ ಸಣ್ಣ ಮಾಡಿ, ಎಡಗೈಯಲ್ಲಿ ಎಲೆ ಹಿಂದಕ್ಕೆ ಮಡಚಿ ಹಿಡ್ಕೊಂಡು ಅಡಿಯಿಂದ ಹೊಡೀರಿ. ಮೇಲಿಂದ ಹೊಡೆದ್ರೆ ಎಲೆ ತೊಳೆದಂಗಾಗುತ್ತೆ, ಹೇನಿಗೆ ಛತ್ರಿ ಹಿಡಿದಂಗಿರುತ್ತೆ ಅಷ್ಟೇ. ಬೆಳಗ್ಗೇನೇ ಮಾಡಿ, ಸಂಜೆಗೆ ಎಲೆ ಒಣಗಿರ್ಬೇಕು, ಇಲ್ಲಾಂದ್ರೆ ಎಲೆಚುಕ್ಕೆ ರೋಗನೋ ಇನ್ನೊಂದೋ ಬರುತ್ತೆ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಬ್ಯಾಕ್ಟೀರಿಯಾಗೆ ಆಗಲ್ಲ, ಒಂದು ದಿನ ಬಕೆಟ್ಟಲ್ಲಿ ತೆರೆದಿಟ್ಟು ಬಳಸಿ. ತೊಟ್ಟಿ ನೀರನ್ನೇ ಹೊಡೀಬೇಡಿ, ಸೊಪ್ಪು ನೀವು ತಿನ್ನೋದು. ಉದುರಿದ ಹೇನು ತೊಟ್ಟಿಗೆ ಬಿದ್ರೆ ಮೀನು ತಿಂದ್ಕೊಳ್ಳುತ್ತೆ, ಅದನ್ನ ನೋಡೋದೇ ಒಂದು ಮಜಾ.

ಒಂದು ಸಲಕ್ಕೆ ನಿಲ್ಲಿಸ್ಬೇಡಿ. ಹೇನು ನಮ್ಮ ಬಿಸಿಲಲ್ಲಿ ಮೊಟ್ಟೆಗಿಟ್ಟೆ ಅಂತ ಕಾಯಲ್ಲ, ಗಂಡೂ ಬೇಕಿಲ್ಲ, ನೇರ ಮರಿ ಹಾಕುತ್ತೆ, ಆ ಮರಿ ಒಂದು ವಾರ ಹತ್ತು ದಿನದಲ್ಲಿ ತಾನೇ ತಾಯಿ. ಹಂಗಾಗಿ ದಿನ ಬಿಟ್ಟು ದಿನ, ಎರಡು ವಾರ. ತೀರಾ ಮುತ್ತಿರೋ ಕುಡಿ ಇದ್ರೆ ಕತ್ತರಿಸಿ ಬಿಸಾಕಿ, ಆಸೆ ಇಟ್ಕೋಬೇಡಿ.

ಇನ್ನೊಂದು, ಇರುವೆ ಇದಾವಾ ನೋಡಿ. ಇದ್ದೇ ಇರ್ತವೆ. ಆ ಅಂಟು ಸಿಹಿ ಇರುತ್ತೆ, ಅದಕ್ಕೋಸ್ಕರ ಇರುವೆ ಹೇನನ್ನ ದನ ಸಾಕಿದಂಗೆ ಸಾಕುತ್ತೆ, ಹೇನು ತಿನ್ನೋಕೆ ಬಂದ ಗುಲಗಂಜಿ ಹುಳನ ಓಡಿಸುತ್ತೆ. ಹಿಂದೆ ಅಜ್ಜಿ ಮನೇಲಿ ತಿಂಡಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡ್ತಿದ್ರಲ್ಲ, ಅದೇ ಐಡಿಯಾ, ಬೆಡ್ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ಹಳೇ ಡಬ್ಬಿ ಇಟ್ಟು ನೀರು ಹಾಕಿ, ಎರಡು ದಿನಕ್ಕೊಮ್ಮೆ ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ. ಗೋಡೆಗೆ ತಾಗಿರೋ ಎಲೆ, ಪೈಪು, ದಾರ ಯಾವುದೂ ಸೇತುವೆ ಆಗ್ಬಾರ್ದು. ಹಳದಿ ಅಂಟು ಕಾರ್ಡು ಒಂದೆರಡು ನೇತು ಹಾಕಿ, ರೆಕ್ಕೆ ಹೇನು, ಬಿಳಿನೊಣ ಅಂಟುತ್ತೆ, ಥ್ರಿಪ್ಸ್ ಅನ್ನೋ ಸಣ್ಣ ರಸ ಹೀರೋ ಹುಳ ಇದ್ರೆ ನೀಲಿ ಕಾರ್ಡು. ಹೇನು ಬಂದ ಮನೇಲೆಲ್ಲ ನಾನು ಕೇಳೋ ಪ್ರಶ್ನೆ ಇನ್ನೊಂದಿದೆ: ಮೀನಿಗೆ ಫೀಡ್ ಜಾಸ್ತಿ ಹಾಕ್ತಿದೀರಾ? ನೈಟ್ರೇಟ್ ಏರಿದ್ರೆ ಎಲೆ ಮೆತ್ತಗೆ, ರಸರಸವಾಗಿ ಬರುತ್ತೆ, ಹೇನಿಗೆ ಹಬ್ಬ.

ಇಷ್ಟಾದ್ಮೇಲೂ ಬೇವಿನೆಣ್ಣೆ ಹೊಡೀಲೇಬೇಕು ಅನ್ಸಿದ್ರೆ, ಕುಂಡ ಎತ್ತೋ ಹಾಗಿದ್ರೆ ಆ ಗಿಡನ ಮಾತ್ರ ಎತ್ಕೊಂಡು ಟೆರೇಸಿನ ಇನ್ನೊಂದು ಮೂಲೆಗೆ ಹೋಗಿ ಹೊಡೆದು, ಒಣಗಿದ್ಮೇಲೆ ಮಾರನೇ ದಿನ ನೀರಲ್ಲಿ ತೊಳೆದು ವಾಪಸ್ ಇಡಿ. ಜಲ್ಲಿ ಬೆಡ್ಡಲ್ಲಿ ನೆಟ್ಟಿದ್ರೆ ಮರೆತುಬಿಡಿ.

ಪ್ರಶ್ನೆ: ಗೋಮೂತ್ರ 10 ಪಟ್ಟು ನೀರಿಗೆ ಬೆರೆಸಿ ಹೊಡೆದ್ರೆ ಹುಳ ಹೋಗುತ್ತೆ, ಗೊಬ್ಬರಾನೂ ಆಗುತ್ತೆ ಅಂತಾರೆ. ಅಕ್ವಾಪೋನಿಕ್ಸಿಗೆ ಆಗುತ್ತಾ?
— ಹಾಸನದ ಓದುಗರು

ಉತ್ತರ: ಹೊಲಕ್ಕೆ ಹಾಕ್ಕೊಳ್ಳಿ, ಇಲ್ಲಿ ಬೇಡ. ಅದರಲ್ಲಿರೋ ಯೂರಿಯಾ ನೀರಿಗೆ ಇಳಿದು ಅಮೋನಿಯಾ ಆಗುತ್ತೆ, ನಿಮ್ಮ ಬೋರ್ ನೀರಿನ ಪಿಎಚ್ 8 ಇದ್ರಂತೂ ಆ ಅಮೋನಿಯಾ ಇನ್ನೂ ವಿಷ. ಹಸಿ ತಿನ್ನೋ ಸೊಪ್ಪಿನ ಮೇಲೆ ಹೊಡೆಯೋದು ನಂಗಂತೂ ಇಷ್ಟವಿಲ್ಲ.

ಪ್ರಶ್ನೆ: ಎಲೆಕೋಸು ಹಾಕಿದ್ವಿ, ಎಲೆಯೆಲ್ಲ ಜರಡಿ ಆಗಿದೆ. ಸಣ್ಣ ಹಸಿರು ಹುಳ, ಮುಟ್ಟಿದ್ರೆ ದಾರದಲ್ಲಿ ಜೋತು ಬೀಳುತ್ತೆ. ಕೈಯಲ್ಲಿ ಆರಿಸಿ ಆರಿಸಿ ಸಾಕಾಗಿದೆ ಸರ್.
— ಕೋಲಾರದ ಓದುಗರು

ಉತ್ತರ: ದಾರದಲ್ಲಿ ಜೋತು ಬೀಳೋದು ಅಂದ್ರೆ ಡೈಮಂಡ್ ಬ್ಯಾಕ್ ಮಾತ್ ಅನ್ನೋ ಪತಂಗದ ಮರಿ. ಇದಕ್ಕೆ ಬಿಟಿ ಇದೆ, ಅಂದ್ರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾ. ಬಿಟಿ ಹತ್ತಿ ಜೊತೆ ಕನ್ಫ್ಯೂಸ್ ಮಾಡ್ಕೋಬೇಡಿ, ಇದು ಪುಡಿ ಅಥವಾ ದ್ರಾವಣ, ಗೊಬ್ಬರದಂಗಡೀಲಿ ಕೇಳಿ, ಡಬ್ಬಿ ಮೇಲೆ ಅದರ ತಳಿ ಹೆಸರು 'ಕುರ್ಸ್ಟಾಕಿ' ಅಂತ ಬರೆದಿರ್ಬೇಕು. ಹುಳದ ಹೊಟ್ಟೆಗೆ ಹೋದ್ರೆ ಅದರ ಕರುಳು ತೂತಾಗುತ್ತೆ, ಮೀನಿಗೆ ಏನೂ ಆಗಲ್ಲ. ಅಕ್ವಾಪೋನಿಕ್ಸಲ್ಲಿ ನಾನು ಧೈರ್ಯವಾಗಿ ಹೇಳೋ ಔಷಧಿ ಇದೊಂದೇ. ಬಿಸಿಲಿಗೆ ಹಾಳಾಗುತ್ತೆ, ಹಂಗಾಗಿ ಸಂಜೆ ಹೊಡೀರಿ, ಎಲೆ ಅಡೀಗೂ. ತಕ್ಷಣ ಸಾಯಲ್ಲ, ತಿನ್ನೋದು ನಿಲ್ಲಿಸಿ ಎರಡು ಮೂರು ದಿನಕ್ಕೆ ಸಾಯುತ್ತೆ, ಮಾರನೇ ದಿನಾನೇ ಕೆಲಸ ಮಾಡ್ಲಿಲ್ಲ ಅಂತ ಬೈಬೇಡಿ. ಹೇನಿಗೆ, ಬಿಳಿನೊಣಕ್ಕೆ ಇದು ತಟ್ಟಲ್ಲ.

ಜೊತೆಗೆ ಸಾಸಿವೆ. ಈ ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ, ಹೊಲದಲ್ಲಿ 25 ಸಾಲು ಕೋಸಿಗೆ ಒಂದು ಜೋಡಿ ಸಾಲು ಸಾಸಿವೆ ಹಾಕಿ ಅಂತ ಹೆಸರಘಟ್ಟದೋರೇ ಹೇಳಿರೋದು. ನೀವು ನಾಲ್ಕು ಕುಂಡಕ್ಕೆ ಮಣ್ಣು ಹಾಕಿ ಬೆಡ್ಡಿಂದ ಸ್ವಲ್ಪ ದೂರ ಇಟ್ಟು ಒಗ್ಗರಣೆ ಡಬ್ಬಿಯ ಸಾಸಿವೇನೇ ಚೆಲ್ಲಿ, ಕೋಸು ನೆಡೋ ಎರಡು ವಾರ ಮುಂಚೆ.

ಪ್ರಶ್ನೆ: ನಮ್ಮದು ಅಡಿಕೆ ತೋಟ, ಮನೆ ಹಿಂದೆ ಕಟ್ಟೆ ತೊಟ್ಟೀಲಿ ಮೀನು, ಮೇಲೆ ಸೊಪ್ಪು. ಅಕ್ವಾಪೋನಿಕ್ಸಿಗೆ ಏನೂ ಹೊಡೆದಿಲ್ಲ, ಆದ್ರೂ ಮಳೆಗಾಲದಲ್ಲಿ ಎರಡು ಸಲ ಮೀನು ಸತ್ತಿದೆ. ಯಾಕಿರ್ಬಹುದು?
— ಸಾಗರದ ಓದುಗರು

ಉತ್ತರ: ನೀವು ಹೊಡೆದಿದೀರಿ, ತೊಟ್ಟಿಗಲ್ಲ, ಅಡಿಕೆಗೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ವಾರಾನೇ ಮೀನು ಸತ್ತಿತ್ತಾ ಒಂದ್ಸಲ ನೆನಪು ಮಾಡ್ಕೊಳ್ಳಿ. ಬೋರ್ಡೋ ಅಂದ್ರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಮೈಲುತುತ್ತ ಅಂದ್ರೆ ತಾಮ್ರ. ತಾಮ್ರ ಮೀನಿಗೆ ವಿಷ, ಅದೂ ನಿಮ್ಮ ಮಲೆನಾಡಿನಂಥ ಮೆದು ನೀರಲ್ಲಿ ಇನ್ನೂ ಜಾಸ್ತಿ, ಗಡಸು ನೀರಾದ್ರೆ ಅದರಲ್ಲಿರೋ ಸುಣ್ಣದಂಶ ಸ್ವಲ್ಪ ತಡೆಯುತ್ತೆ. ಮರದ ತುದೀಲಿ ಹೊಡೆದಿದ್ದು ಗಾಳಿಗೆ ಎಲ್ಲಿಗೆ ಬೇಕಾದ್ರೂ ಹಾರುತ್ತೆ, ಮಳೆಗೆ ಸೋಗೆಯಿಂದ ತೊಟ್ಟಿಕ್ಕುತ್ತೆ. ಬೋರ್ಡೋ ಬಿಡಿ ಅಂತ ನಾನು ಹೇಳಲ್ಲ, ಕೊಳೆ ಬಂದ್ರೆ ವರ್ಷದ ಅನ್ನ ಹೋಗುತ್ತೆ. ಹೊಡೆಯೋ ದಿನ ತೊಟ್ಟಿಗೂ ಬೆಡ್ಡಿಗೂ ಟಾರ್ಪಾಲು ಎಳೀರಿ, ಏರೇಟರ್ ಒಳಗೇ ಓಡ್ತಿರ್ಲಿ, ತೋಟದ ಕಡೆ ಮಾಡಿನ ನೀರು ತೊಟ್ಟಿಗೆ ಬೀಳ್ತಿದ್ರೆ ಆ ನೀರು ಹರಿಯೋ ದೋಣಿ ಬೇರೆ ಕಡೆ ತಿರುಗಿಸಿ. ಬೋರ್ಡೋ ಕಲಸಿದ ಡ್ರಮ್ಮು, ಕೋಲು ಮೀನಿನ ಕಡೆ ತರಲೇಬೇಡಿ.

ಪ್ರಶ್ನೆ: ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಯಾವ ಹುಳ ಇದು?
— ವಿಜಯಪುರದ ಓದುಗರು

ಉತ್ತರ: ಹುಳ ಅಲ್ಲ, ಕಬ್ಬಿಣ ಕಮ್ಮಿ. ಮೀನಿನ ಫೀಡಲ್ಲಿ ಗಿಡಕ್ಕೆ ಸಾಕಾಗುವಷ್ಟು ಕಬ್ಬಿಣ ಇರಲ್ಲ, ಪಿಎಚ್ 7 ದಾಟಿದ್ರೆ ಇರೋದೂ ಸಿಗಲ್ಲ. ಕೀಲೇಟೆಡ್ ಕಬ್ಬಿಣ, ಅಂದ್ರೆ ನೀರಲ್ಲಿ ಕರಗೇ ಉಳಿದು ಗಿಡಕ್ಕೆ ಸಿಗೋ ಥರದ್ದು, ಸ್ವಲ್ಪ ಸ್ವಲ್ಪ ಹಾಕಿ, ನೀರು ಕೆಂಪಗಾದ್ರೆ ಹೆದರಬೇಡಿ. ಫೆರಸ್ ಸಲ್ಫೇಟ್ ಸುರಿಯೋಕೆ ಹೋಗ್ಬೇಡಿ.

ಪ್ರಶ್ನೆ: ಬದನೆ ಗಿಡಕ್ಕೆ ಹಿಟ್ಟು ತಿಗಣೆ. ನೀವು ಮುಂಚೆ ಬರೆದಂಗೆ ಹತ್ತಿಯಲ್ಲಿ ಒರೆಸಿ ತೆಗೀತಾ ಇದೀನಿ. ಈಗ ಮೂರು ದಿನದಿಂದ ಇನ್ನೊಂದು ಥರದ್ದು, ಅದಕ್ಕಿಂತ ಎರಡು ಪಟ್ಟು ದೊಡ್ಡದು, ಮೈತುಂಬ ಬಿಳಿ ಜಡೆಜಡೆ, ಓಡಾಡುತ್ತೆ. ಅದನ್ನೂ ಒರೆಸಿ ಹಾಕ್ತಿದೀನಿ, ಆದ್ರೂ ಬರ್ತಾನೇ ಇವೆ. ಇದೇನಕ್ಕ, ಸಾರಿ, ಇದೇನು ಸರ್?
— ಮಂಗಳೂರಿನ ಓದುಗರು

ಉತ್ತರ: ಅಯ್ಯೋ, ಒರೆಸ್ಬೇಡಿ ಮಾರಾಯ್ರೇ! ಓಡಾಡುತ್ತೆ ಅಂದ್ರಲ್ಲ, ಅಲ್ಲೇ ಗೊತ್ತಾಯ್ತು. ಅದು ಕ್ರಿಪ್ಟೊಲೀಮಸ್ ಅನ್ನೋ ಗುಲಗಂಜಿ ಹುಳದ ಮರಿ, ಹಿಟ್ಟು ತಿಗಣೆ ತಿನ್ನೋಕೇ ಬಂದಿರೋದು, ವೇಷ ಮಾತ್ರ ತಿಗಣೆದೇ. 1898ರಲ್ಲಿ ಕಾಫಿ ಗಿಡದ ಹಸಿರು ಶಲ್ಕ ಕೀಟಕ್ಕೆ ಅಂತ ಆಸ್ಟ್ರೇಲಿಯಾದಿಂದ ತರಿಸಿದ್ರು, ಆ ಕೆಲಸ ಸರಿಯಾಗಿ ಮಾಡ್ಲಿಲ್ಲ, ಆದ್ರೆ ಹಿಟ್ಟು ತಿಗಣೆ ತಿಂದ್ಕೊಂಡು ಇಲ್ಲೇ ಊರು ಮಾಡ್ಕೊಂಡ್ಬಿಡ್ತು. ನಿಧಾನಕ್ಕೆ ಮಿಸುಕೋದು ತಿಗಣೆ, ಸರಸರ ನಡೆಯೋದು ಇದು. ದೊಡ್ಡದಾದ್ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆ, ಹೆಸರುಕಾಳಿಗಿಂತ ಸಣ್ಣದು. ಇರುವೆ ಮಾತ್ರ ಹತ್ತೋಕೆ ಬಿಡ್ಬೇಡಿ, ಬಟ್ಟಲು ಇಡಿ. ಮತ್ತೆ ಹತ್ತಿ ಒರೆಸೋದು ಒಂದು ಹದಿನೈದು ದಿನ ನಿಲ್ಲಿಸಿ, ಗಿಡ ನೋಡೋಕೆ ಗಲೀಜಾಗಿ ಕಾಣುತ್ತೆ, ತಡ್ಕೊಳ್ಳಿ. ಒರೆಸಿದ ಹತ್ತಿ ಇನ್ನೂ ಬಿಸಾಕಿಲ್ಲ ಅಂದ್ರೆ ಗಿಡದ ಬುಡದಲ್ಲಿ ಬಿಡಿಸಿ ಇಡಿ, ಒಂದೆರಡು ಜೀವ ಇದ್ರೂ ಇರ್ಬಹುದು.